ಪಡುಗಡಲಿನ ಋತುಚರ್ಯೆಯೂ ಒಳನಾಡಿನ ಚರಿತ್ರೆಯೂ

ತುಮಕೂರು ಜಿಲ್ಲೆಯ ಗುಬ್ಬಿಯು ಕಡಲನ್ನು ಕಾಣದ ಊರು. ಪಶ್ಚಿಮ ಸಮುದ್ರತೀರಕ್ಕೂ ಅದಕ್ಕೂ ನಡುವೆ 200 ಕಿಲೋಮೀಟರಿಗೂ ಮೇಲ್ಪಟ್ಟ ನೆಲವೂ ಸಹ್ಯಾದ್ರಿಯ ಸಾಲೂ ಅಡ್ಡವಾಗಿರುವುವು. ಹೀಗಿರಲು, ಕಡಲಿನ ನೀರು ಯಾವ ಮಾಸದಲ್ಲಿ ಯಾವ ಸ್ಥಿತಿಯಲ್ಲಿರುವುದೆಂಬ ವಿಚಾರವು ಈ ಸೀಮೆಯವರಿಗೆ ಏತಕ್ಕೆಂದು ವಾಚಕರು ಕೇಳಬಹುದು. ಗುಬ್ಬಿಯ ಅಡಕೆ ತೆಂಗುಗಳ ತೋಟಗಳು ಕೆರೆಯ ನೀರನ್ನು ನಂಬಿದುವು. ಕೆರೆಗಳು ಮುಗಿಲನ್ನು ನಂಬಿದುವು. ಮುಗಿಲು ಕಡಲನ್ನು ನಂಬಿದುದು. ಅಷ್ಟೇ ಅಲ್ಲ. ನಮ್ಮ ನಾಡಿನ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ನೆಲದ ಚರಿತ್ರೆಯನ್ನೇ ಬರೆದಿರುವರು. ರಾಜರ ವರ್ಷಗಳನ್ನು ಶಾಸನಗಳಿಂದ ಎಣಿಸಿದರೇ ಹೊರತು, ಕಡಲಿನ ಮಾಸಗಳನ್ನು ಅದರೊಡನೆ ಹೊಂದಿಸಿ ನೋಡಿದವರು ವಿರಳ. ಹಾಗೆ ನೋಡಿದರೆ ತಿಳಿದ ಸಂಗತಿಗಳೂ ಹೊಸ ಅರ್ಥವನ್ನು ಕೊಡುವುವೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಪಡುಗಡಲಿಗೆ ಒಂದು ಮುಚ್ಚುವ ಕಾಲವೂ ಒಂದು ತೆರೆಯುವ ಕಾಲವೂ ಉಂಟೆಂಬುದು ಅತಿ ಪ್ರಾಚೀನವಾದ ಜ್ಞಾನ. ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ರಚಿತವಾದ ‘ಪೆರಿಪ್ಲಸ್’ ಎಂಬ ನೌಕಾಯಾನದ ಗ್ರಂಥವು, ಐಗುಪ್ತದಿಂದ ನಮ್ಮ ಪಶ್ಚಿಮ ತೀರಕ್ಕೆ ಬರುವವರು ಜುಲೈ ಮಾಸದ ಸುಮಾರಿಗೆ ಹೊರಡಬೇಕೆಂದು ಹೇಳುವುದು. ನೈರುತ್ಯ ಮಾರುತದ ಬೆನ್ನಿನ ಮೇಲೆ ಬಂದು, ಅದರ ಉಗ್ರತೆಯು ತಗ್ಗುವ ವೇಳೆಗೆ ತೀರವನ್ನು ಮುಟ್ಟಬೇಕೆಂಬುದು ಇದರ ಮರ್ಮ. ನೀರಿನಲ್ಲಿ ಕರಿಯ ಹಾವುಗಳು ಎದುರಾದರೆ ನೆಲವು ಸಮೀಪಿಸಿತೆಂದು ತಿಳಿಯಬೇಕೆಂದೂ ಆ ಗ್ರಂಥಕಾರನು ಬರೆದಿರುವನು. ಕಡಲಿನ ನೀರನ್ನೇ ಓದಿ ದಾರಿಯನ್ನು ಅರಿಯುವ ವಿದ್ಯೆಯು ಅಂದಿಗೇ ಬೆಳೆದಿತ್ತು. ಪಾರಸಿಕ ರಾಯಭಾರಿಯಾದ ಅಬ್ದುರ್ ರಜಾಕನು 1443ರಲ್ಲಿ ಕಲ್ಲಿಕೋಟೆಯಿಂದ ಮಂಗಳೂರಿಗೆ ಹಡಗಿನಲ್ಲಿ ಬಂದು, ಅಲ್ಲಿಂದ ನೆಲದ ಮಾರ್ಗವಾಗಿ ವಿಜಯನಗರಕ್ಕೆ ಹೋದುದು ವಸಂತಕಾಲದಲ್ಲಿ, ಎಂದರೆ ಕಡಲು ಮುಚ್ಚುವುದಕ್ಕೆ ಮುಂಚೆ.

ಈ ಮುಚ್ಚುಗೆಯು ಯುದ್ಧದ ಗತಿಯನ್ನೂ ನಿರ್ಣಯಿಸಿತೆಂಬುದಕ್ಕೆ ಮಂಗಳೂರಿನ ಮುತ್ತಿಗೆಯೇ ಸಾಕ್ಷಿ. 1783ರ ಏಪ್ರಿಲ್ ಕೊನೆಯ ವೇಳೆಗೆ ಬಿದನೂರಿನಲ್ಲಿ ಜನರಲ್ ಮ್ಯಾಥ್ಯೂಸನ ಸೈನ್ಯವು ಟಿಪ್ಪು ಸುಲ್ತಾನನಿಗೆ ಶರಣಾಯಿತು. ಮೇ ಮಾಸದಲ್ಲಿ ಸುಲ್ತಾನನು ಘಟ್ಟವನ್ನಿಳಿದು ಮಂಗಳೂರು ಕೋಟೆಯನ್ನು ಮುತ್ತಿದನು. ಒಳಗಿದ್ದ ಕ್ಯಾಂಬೆಲನ ದಂಡಿಗೆ ಆಸರೆಯಾಗಬಹುದಾಗಿದ್ದುದು ಕಡಲೊಂದೇ. ಆ ಕಡಲು ಆಗತಾನೆ ಮುಚ್ಚುತ್ತಲಿದ್ದಿತು. ಮಳೆಯು ಮುತ್ತಿದವರನ್ನೂ ಮುತ್ತಿಗೆಗೆ ಸಿಕ್ಕಿದವರನ್ನೂ ಸಮನಾಗಿ ಬಾಧಿಸಿತು. ಆಗಸ್ಟ್ 2ರಂದು ಯುದ್ಧವಿರಾಮವಾಯಿತು. ಇಂಗ್ಲಿಷರ ಹಡಗುಗಳು ಸೈನ್ಯದೊಡನೆ ಬಂದು ಕಾಣಿಸಿದುದು ಮಳೆಗಾಲ ಕಳೆದ ಮೇಲೆ, ನವೆಂಬರಿನಲ್ಲಿ. ಅಷ್ಟರಲ್ಲಿ ಒಳಗಿನವರು ಹಸಿವಿನಿಂದಲೂ ರೋಗದಿಂದಲೂ ಕೃಶರಾಗಿದ್ದರು. 1784ರ ಜನವರಿ 30ರಂದು ಕೋಟೆಯು ಸುಲ್ತಾನನ ವಶವಾಯಿತು. ಮಾರ್ಚ್ 11ರಂದು ಮಂಗಳೂರಿನ ಕೌಲು ನಡೆಯಿತು. ಸೇನಾಪತಿಗಳ ಗುಣದೋಷಗಳನ್ನು ಮಾತ್ರ ವಿಮರ್ಶಿಸಿ ಈ ಪ್ರಸಂಗವನ್ನು ವಿವರಿಸುವವರು ಅದರ ಅರ್ಧವನ್ನೇ ಹೇಳಿದಂತಾಗುವುದು.

ಪ್ರವಾಸಿಗಳ ಲೇಖನಗಳನ್ನು ಓದುವಾಗಲೂ ಈ ಎಚ್ಚರಿಕೆಯು ಆವಶ್ಯಕ. ಶ್ರೀರಂಗಪಟ್ಟಣದ ಪತನವಾದ ಮರುವರ್ಷ, ಎಂದರೆ 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನು ಸುತ್ತಿದನು. ಅವನು ಗುಬ್ಬಿಗೂ ಬಂದು, ಅದನ್ನು ವ್ಯಾಪಾರದ ಊರೆಂದು ವರ್ಣಿಸಿದನು. ಮಲೆನಾಡಿನ ಅಡಕೆಯು ಗುಬ್ಬಿಯ ಮೂಲಕ ಪೂರ್ವದ ವಾಲಾಜಾಪೇಟೆಗೆ ಸಾಗುತ್ತಿದ್ದಿತೆಂದು 19ನೆಯ ಶತಮಾನದ ಗ್ಯಾಸೆಟಿಯರುಗಳಿಂದಲೂ ತಿಳಿದುಬರುವುದು. ಬುಕಾನನನು ಒಳನಾಡನ್ನು ಮಳೆಯ ದಿನಗಳಲ್ಲಿ ಕಂಡು, ಕನ್ನಡ ಜಿಲ್ಲೆಯ ಕರಾವಳಿಯನ್ನು 1801ರ ಆದಿಯ ತಿಂಗಳುಗಳಲ್ಲಿ ಕಂಡನು. ಅವನ ಕಣ್ಣಿಗೆ ಬಿದ್ದುದು ತೆರೆದ ಕಡಲು, ತುಂಬಿದ ಬಂದರು, ಹೊರದೇಶಗಳಿಗೆ ಹೋಗುವ ಅಕ್ಕಿ. ಆಷಾಢದ ಕರಾವಳಿಯನ್ನು ಅವನು ಕಾಣಲಿಲ್ಲ. 1807ರಲ್ಲಿ ಪ್ರಕಟವಾದ ಅವನ ಗ್ರಂಥವು ಅಮೂಲ್ಯವಾದುದೇ ಸರಿ; ಆದರೆ ಕರಾವಳಿಯ ವಿಷಯದಲ್ಲಿ ಅದು ಒಂದು ಋತುವಿನ ಚಿತ್ರವೆಂಬುದನ್ನು ಮರೆಯಬಾರದು.

ಎರಡೂ ಋತುಗಳನ್ನು ಬಲ್ಲವರು ಕರಾವಳಿಯ ಜನರು. ಅವರ ವಿದ್ಯೆಯು ಪುಸ್ತಕದಲ್ಲಿಲ್ಲ, ಕೆಲಸದಲ್ಲಿ ಇದೆ. ಅಘನಾಶಿನಿಯ ಅಳಿವೆಯನ್ನು ನೋಡಿರಿ. ಬೇಸಗೆಯಲ್ಲಿ ಹೊಳೆಯು ಸೊರಗಿ ಉಪ್ಪುನೀರು ಒಳಕ್ಕೆ ಏರುವುದು. ಆಗ ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲಿ ಉಪ್ಪು ಬೆಳೆಯುವರು. ಮಳೆಯ ಹೊಡೆತಕ್ಕೆ ಅಳಿವೆಯ ನೀರು ಸಿಹಿಯಾಗುವುದು; ಆಗ ಗಜನಿ ಭೂಮಿಗಳಲ್ಲಿ ಉಪ್ಪನ್ನು ಸಹಿಸಬಲ್ಲ ಕಗ್ಗವೆಂಬ ಭತ್ತವನ್ನು ಬಿತ್ತುವರು. ಕೊಯ್ಲಾದ ಮೇಲೆ ಉಪ್ಪುನೀರನ್ನು ಒಳಗೆ ಬಿಟ್ಟು ಮೀನು ಸಿಗಡಿಗಳನ್ನು ಹಿಡಿಯುವರು. ಒಂದೇ ನೆಲವು ನೀರಿನ ರುಚಿಯನ್ನು ಅನುಸರಿಸಿ ವರ್ಷಕ್ಕೆ ಎರಡು ಬಗೆಯ ಬೆಳೆಯನ್ನು ಕೊಡುವುದು. ಶ್ರಾವಣದ ಹುಣ್ಣಿಮೆಯಂದು ಮೊಗವೀರರು ಕಡಲಿಗೆ ಹಾಲನ್ನೂ ತೆಂಗಿನಕಾಯಿಯನ್ನೂ ಅರ್ಪಿಸಿ ಪೂಜಿಸುವರು. ಇದು ಭಕ್ತಿಯ ಆಚರಣೆಯೊಡನೆ ಕಡಲು ತೆರೆಯಿತೆಂಬ ಸಾರ್ವಜನಿಕ ಪ್ರಕಟಣೆಯೂ ಆಗಿರುವುದು. ಆ ಬಳಿಕ ಬೂತಾಯಿ ಬಂಗುಡೆಗಳ ಹಿಂಡುಗಳು ತೀರಕ್ಕೆ ಬರುವುವು.

ಹಿಂಡುಗಳು ಆಗಲೇ ಬರುವುದಕ್ಕೆ ಕಾರಣವೇನು? ಇದರ ಉತ್ತರವು 20ನೆಯ ಶತಮಾನದವರೆಗೆ ಕಡಲಿನ ಆಳದಲ್ಲೇ ಅಡಗಿದ್ದಿತು. ಮದರಾಸು ಸರಕಾರದ ಮೀನುಗಾರಿಕೆಯ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲನು ಆ ಶತಮಾನದ ಮೊದಲ ದಶಕಗಳಲ್ಲಿ ಬೂತಾಯಿಯ ಜೀವನಕ್ರಮವನ್ನು ಶೋಧಿಸಿದನು. 1933-34ರಲ್ಲಿ ಸೀಮೋರ್ ಸೀವೆಲನ ನಾಯಕತ್ವದಲ್ಲಿ ‘ಮಬಾಹಿಸ್’ ಎಂಬ ಹಡಗು ಅರಬ್ಬೀ ಸಮುದ್ರವನ್ನು ಪರಿಶೋಧಿಸಿ, ಅದರ ನಡು ಆಳದಲ್ಲಿ ಪ್ರಾಣವಾಯುವು ಅತ್ಯಲ್ಪವೆಂದು ತೋರಿಸಿತು. 1959ರಲ್ಲಿ ಕಾರ್ಲ್ ಬಾನ್ಸೆ ಎಂಬ ವಿದ್ವಾಂಸನು ನೈರುತ್ಯ ತೀರದಲ್ಲಿ ಆಳದ ನೀರು ಮೇಲೇಳುವುದನ್ನು ವಿವರಿಸಿದನು. ಇದರ ಸಾರಾಂಶವಿಷ್ಟು. ಮಳೆಗಾಲದಲ್ಲಿ ತೀರದ ಪ್ರವಾಹವು ದಕ್ಷಿಣಕ್ಕೆ ಹರಿಯುವುದು. ಗಾಳಿಯ ನೂಕಿಗೂ ಭೂಮಿಯ ಆವರ್ತನಕ್ಕೂ ಒಳಪಟ್ಟು ಮೇಲಣ ನೀರು ತೀರವನ್ನು ಬಿಟ್ಟು ಸರಿಯಲು, ಅದರ ಸ್ಥಳಕ್ಕೆ ತಣ್ಣನೆಯ ಆಳದ ನೀರು ಏರಿ ಬರುವುದು. ಅದರಲ್ಲಿ ಸೂಕ್ಷ್ಮ ಸಸ್ಯಗಳಿಗೆ ಆಹಾರವಾದ ಲವಣಗಳು ಹೇರಳ, ಪ್ರಾಣವಾಯುವು ಕಡಿಮೆ. ನೇತ್ರಾವತಿ, ಶರಾವತಿ, ಕಾಳಿ ಮೊದಲಾದ ಹೊಳೆಗಳು ತಂದ ಸಿಹಿನೀರು ಇದರ ಮೇಲೆ ತೆಳುವಾದ ಮುಚ್ಚಳದಂತೆ ಹರಡುವುದು. ಮೀನಿನ ಸಮೃದ್ಧಿಯೂ ಉಸಿರಿನ ಅಭಾವವೂ ಹೀಗೆ ಒಂದೇ ಮೂಲದಿಂದ ಬರುವುವು.

ಮಳೆಗಾಲವು ಮುಗಿದ ಮೇಲೆ ಕಡಲು ಮಗ್ಗುಲಾಗುವುದು. ನವೆಂಬರಿನಿಂದ ಫೆಬ್ರುವರಿಯವರೆಗೆ ಪ್ರವಾಹವು ಉತ್ತರಕ್ಕೆ ತಿರುಗಿ, ಸಿಂಹಳದ್ವೀಪವನ್ನು ಬಳಸಿ ಬಂದ ಬಂಗಾಳ ಕೊಲ್ಲಿಯ ಉಪ್ಪು ಕಡಿಮೆಯಾದ ನೀರನ್ನು ನಮ್ಮ ಪಡುತೀರದತ್ತ ತರುವುದು. ಇಲ್ಲಿ ಗುಬ್ಬಿಯ ಮಾತು ಮರಳಿ ಬರುವುದು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿದ ಶಿಂಷೆಯು ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿಸಿ, ಮುಂದೆ ಕಾವೇರಿಯನ್ನು ಸೇರಿ, ಮೂಡಗಡಲಿಗೆ ಅಭಿಮುಖವಾಗುವುದು. ಆ ನೀರಿನ ಬಹುಭಾಗವು ದಾರಿಯ ಗದ್ದೆಗಳಲ್ಲೇ ತೀರಿದರೂ ಅದರ ಹಾದಿಯು ಅರ್ಥಗರ್ಭಿತವಾದುದು: ಪಡುಗಡಲಿನಿಂದ ಮುಗಿಲಾಗಿ ಬಂದುದು ಮೂಡಗಡಲಿಗೆ ಹೊಳೆಯಾಗಿ ಇಳಿಯುವುದು, ಮೂಡಗಡಲಿನ ನೀರು ಮಾಗಿಯಲ್ಲಿ ಪಡುಗಡಲಿಗೆ ಬರುವುದು. ಒಳನಾಡು ಈ ಚಕ್ರದ ಹೊರಗಿಲ್ಲ.

ಇದು ಕೇವಲ ಕುತೂಹಲದ ವಿಷಯವಲ್ಲ. 1999ರ ಮಳೆಗಾಲದ ಕೊನೆಯಲ್ಲಿ ಪಶ್ಚಿಮ ತೀರದ ಸಮೀಪದ ನೀರಿನಲ್ಲಿ ಪ್ರಾಣವಾಯುವಿನ ಅಭಾವವು ಅತಿ ತೀವ್ರವಾಗಿದ್ದುದನ್ನು ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ವಿದ್ವಾಂಸರು ಕಂಡು ಮರುವರ್ಷ ಪ್ರಕಟಿಸಿದರು. ಹೊಲಗಳಿಂದಲೂ ಊರುಗಳಿಂದಲೂ ಹೊಳೆಗಳ ಮೂಲಕ ಕಡಲನ್ನು ಸೇರುವ ಗೊಬ್ಬರ ಕಲ್ಮಷಗಳು ಈ ಅಭಾವವನ್ನು ಹೆಚ್ಚಿಸಬಲ್ಲುವೆಂದೂ ಅವರು ಎಚ್ಚರಿಸಿದರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದೋಣಿಗಳ ಮೀನುಗಾರಿಕೆಯನ್ನು ಇಂದು ರಾಜಾಜ್ಞೆಯು ನಿಷೇಧಿಸಿರುವುದು. ಹಿಂದೆ ಕಡಲೇ ವಿಧಿಸುತ್ತಿದ್ದ ನಿಷೇಧವನ್ನು, ಯಂತ್ರಬಲದಿಂದ ಅದನ್ನು ಮೀರಬಲ್ಲವರಾದ ಮೇಲೆ, ಕಾಯಿದೆಯು ವಿಧಿಸಬೇಕಾಯಿತು. ಪೂರ್ವಿಕರು ಮೇಲ್ಮೈಯ ಲಕ್ಷಣಗಳಿಂದ ಅರಿತು ನಡೆದುದನ್ನು ನಾವು ಆಳದ ಕಾರಣಗಳೊಡನೆ ಅರಿತಿರುವೆವು. ಆದುದರಿಂದ ನಮ್ಮ ಹೊಣೆಯೂ ಹೆಚ್ಚಿನದು.

ನಮ್ಮ ಬಂದರುಗಳ ಲೆಕ್ಕಪತ್ರಗಳು, ಘಟ್ಟದ ಸುಂಕದ ಕಡತಗಳು, ದೇವಾಲಯಗಳ ಉತ್ಸವದ ದಿನಗಳು, ಗುಬ್ಬಿಯಂತಹ ಪೇಟೆಗಳ ವರ್ತಕರ ಹಳೆಯ ಪುಸ್ತಕಗಳು — ಇವೆಲ್ಲವನ್ನೂ ಕಡಲಿನ ಪಂಚಾಂಗದೊಡನೆ ಹೊಂದಿಸಿ ನೋಡುವ ಕಾರ್ಯವು ಮುಂದಿದೆ. ಒಳನಾಡಿನ ವಿದ್ವಾಂಸರು ಅದನ್ನು ಕರಾವಳಿಯವರ ಕೆಲಸವೆಂದು ಬಿಡದೆ ತಾವೂ ಕೈಹಾಕಬೇಕೆಂದು ಪ್ರಾರ್ಥಿಸುವೆನು.