ಹದಿಮೂರನೆಯ ಎಲೆ

ಎಲೆ ತೆಗೆದು ಭವಿಷ್ಯ ಹೇಳುವುದನ್ನು ನಾನು ಮೊದಲು ಕಂಡದ್ದು ಆಳಂದ ಸೀಮೆಯ ಜಿಡಗಾದಲ್ಲಿ. ಮಠಕ್ಕೆ ಹೋಗುವ ದಾರಿಯಲ್ಲಿ ಗಿಣಿಶಾಸ್ತ್ರದವನೊಬ್ಬ ಕುಳಿತಿದ್ದ. ಸೊಲ್ಲಾಪುರದ ಗಿರಣಿಗೆ ದುಡಿಯಲು ಹೋಗಿದ್ದ ನಮ್ಮಣ್ಣನಿಂದ ನಾಲ್ಕು ತಿಂಗಳಾದರೂ ಕಾಗದವಿರಲಿಲ್ಲ. ಅವ್ವ ನಾಣ್ಯವಿಟ್ಟಳು. ಗಿಣಿ ಪಂಜರದಿಂದ ಹೊರಬಂದು ಎಲೆಯೊಂದನ್ನು ಎಳೆಯಿತು. ಅವನಾದರೋ ಎಲೆಯನ್ನು ನೋಡುವ ಮೊದಲು ಅವ್ವನ ಮುಖವನ್ನು ನೋಡಿದ. “ಯಾರ್ದೋ ಹಾದಿ ಕಾಯಾಕತ್ತೀಯಲ್ಲವ್ವಾ?” ಎಂದ. ಅವ್ವ ಅತ್ತುಬಿಟ್ಟಳು.

ಇಷ್ಟು ವರ್ಷಗಳ ಮೇಲೆ ನಾನೇ ಟ್ಯಾರೋ ಎಲೆಗಳನ್ನು ಓದಲು ಕಲಿಯತೊಡಗಿದೆ. ಕಟ್ಟಿನಲ್ಲಿ 78 ಎಲೆ. ಕೋಲು, ಬಟ್ಟಲು, ಕತ್ತಿ, ನಾಣ್ಯ ಎಂಬ ನಾಲ್ಕು ಜಾತಿಗಳಿಗೆ ಹದಿನಾಲ್ಕರಂತೆ 56. ಉಳಿದ 22 ದೊಡ್ಡ ಚಿತ್ರದ ಎಲೆಗಳು. ಜೊತೆಗಿದ್ದ ಕೈಪಿಡಿಯನ್ನು ಅಮರಕೋಶದಂತೆ ಬಾಯಿಪಾಠ ಮಾಡಿದೆ. ಒಂದು ಸಂಜೆ ನಂಟರ ಹುಡುಗಿಯೊಬ್ಬಳು ಹಟಹಿಡಿದು ಎಲೆ ಹಾಕಿಸಿದಳು. ಅವಳ ತಾಯಿ ಆಗ ಆಸ್ಪತ್ರೆಯಲ್ಲಿದ್ದರು. ಬಂದದ್ದು ಹದಿಮೂರನೆಯ ಎಲೆ: ಬಿಳಿಗುದುರೆಯೇರಿದ ಅಸ್ಥಿಪಂಜರ, ಕೈಯಲ್ಲಿ ಕಪ್ಪು ಬಾವುಟ. ಇದಕ್ಕೆ ‘ಬದಲಾವಣೆ’ ಎಂದಷ್ಟೇ ಅರ್ಥವೆಂದು ಕೈಪಿಡಿಯ ಮಾತನ್ನೇ ಹೇಳಿದೆ. ಅವಳು ಅದನ್ನು ನಂಬಲಿಲ್ಲ. ಆ ರಾತ್ರಿ ಅವಳೂ ನಿದ್ರಿಸಲಿಲ್ಲ, ನಾನೂ ನಿದ್ರಿಸಲಿಲ್ಲ. ಈ ಎಲೆಗೆ ಈ ಅರ್ಥವನ್ನು ಕಟ್ಟಿಕೊಟ್ಟವರಾದರೂ ಯಾರು ಎಂಬ ಪ್ರಶ್ನೆ ನನ್ನನ್ನು ಇತಿಹಾಸದ ಪುಸ್ತಕಗಳತ್ತ ಅಟ್ಟಿತು.

ಅಲ್ಲಿ ಕಂಡದ್ದು ಸ್ವಾರಸ್ಯವಾಗಿದೆ. ಟ್ಯಾರೋ ಹುಟ್ಟಿದ್ದು 15ನೆಯ ಶತಮಾನದಲ್ಲಿ, ಉತ್ತರ ಇಟಲಿಯ ಅರಮನೆಗಳಲ್ಲಿ. ಅದೂ ಶಾಸ್ತ್ರಕ್ಕಾಗಿ ಅಲ್ಲ, ಆಟಕ್ಕಾಗಿ. ಆ 22ರಲ್ಲಿ 21 ಎಲೆಗಳು ಬರಿಯ ತುರುಫು. 1781ರಲ್ಲಿ ಪ್ಯಾರಿಸಿನ ಕೂರ್ ದ ಜೆಬಲ್ಯಾ ಎಂಬ ಪಂಡಿತನು ಇದು ಪ್ರಾಚೀನ ಈಜಿಪ್ಟಿನ ಪುರೋಹಿತರ ಗುಪ್ತಗ್ರಂಥವೆಂದು ಸಾರಿದ. ಈಜಿಪ್ಟಿನ ಚಿತ್ರಲಿಪಿಯನ್ನು ಶಾಂಪೋಲಿಯೋ ಬಿಡಿಸಿದ್ದು 1822ರಲ್ಲಿ. ಜೆಬಲ್ಯಾನ ಕಾಲದಲ್ಲಿ ಅದನ್ನು ಓದಬಲ್ಲವರು ಒಬ್ಬರೂ ಇರಲಿಲ್ಲ! ಎತೈಲಾ ಎಂಬಾತ ಬೆನ್ನಲ್ಲೇ ಅದರಿಂದ ಭವಿಷ್ಯ ಹೇಳುವ ಪುಸ್ತಕ ಬರೆದ. ನನ್ನ ಕೈಯಲ್ಲಿದ್ದ ಚಿತ್ರಗಳನ್ನು ಪಮೇಲಾ ಕೋಲ್ಮನ್ ಸ್ಮಿತ್ ಎಂಬಾಕೆ ಲಂಡನ್ನಿನಲ್ಲಿ ಬರೆದದ್ದು 1909ರಲ್ಲಿ.

ಆದರೂ ಪಂಡಿತನ ಮಾತಿನಲ್ಲಿ ಒಂದು ಎಳೆ ನಿಜವಿತ್ತೆನ್ನಬೇಕು. ಯುರೋಪಿಗೆ ಇಸ್ಪೀಟು ಬಂದದ್ದು 14ನೆಯ ಶತಮಾನದಲ್ಲಿ, ಮುಸ್ಲಿಂ ನಾಡುಗಳಿಂದ. ಮಾಮ್ಲೂಕ್ ಸುಲ್ತಾನರ ಈಜಿಪ್ಟಿನ ಎಲೆಗಳು ಇಸ್ತಾಂಬುಲಿನ ಟೋಪ್‌ಕಾಪಿ ಅರಮನೆಯಲ್ಲಿ ಉಳಿದಿವೆ. ಅವುಗಳಲ್ಲಿಯೂ ಬಟ್ಟಲು, ನಾಣ್ಯ, ಕತ್ತಿ, ಕೋಲುಗಳೇ ಇವೆ. ಅವುಗಳಲ್ಲೊಂದರ ಮೇಲೆ ‘ಕಂಜಿಫಾ’ ಎಂಬ ಬರಹವಿದೆ. ಅದು ನಮ್ಮ ಗಂಜೀಫಾ! ಬಾಬರನು 1527ರಲ್ಲಿ ಸಿಂಧಿನ ಗೆಳೆಯನಿಗೆ ಗಂಜೀಫಾ ಕಳುಹಿಸಿದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮುಂದೆ ಅದೇ ಆಟ ದಶಾವತಾರದ 120 ದುಂಡೆಲೆಗಳಾಯಿತು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಚದ್ ಎಂಬ ಎಲೆಯಾಟಗಳನ್ನು ಸೇರಿಸಿದರು. ಒಂದೊಂದು ಜಾತಿಗೂ ಹನ್ನೆರಡು ಅಂಕಿಯೆಲೆ, ಆರು ಚಿತ್ರದೆಲೆ. ಕೆಲವು ಕಟ್ಟುಗಳಲ್ಲಿ 360 ಎಲೆ. ಟ್ಯಾರೋವಿನಲ್ಲಿರುವಂತೆ ಅಲ್ಲಿಯೂ ಕಾಯಂ ತುರುಫು ಉಂಟು. ದೇವರೇ ತುಂಬಿದ್ದ ಆ ಎಲೆಗಳನ್ನು ಯಾರೂ ಶಾಸ್ತ್ರಗ್ರಂಥವೆಂದು ಸಾರಲಿಲ್ಲ. ಜನ ಅವನ್ನು ಅಷ್ಟಾಗಿ ಆಡಲೂ ಇಲ್ಲವೆಂಬುದು ಬೇರೆ ಮಾತು.

ಜಿಡಗಾದ ಗಿಣಿಯವನು ಅಣ್ಣ ದೀಪಾವಳಿಗೆ ಬರುವನೆಂದಿದ್ದ. ಅಣ್ಣ ಬಂದದ್ದು ಎರಡು ವರ್ಷದ ಮೇಲೆ. ಅವ್ವನಿಗೆ ಅವನ ಮೇಲೆ ಸಿಟ್ಟು ಬಂದದ್ದನ್ನು ನಾನು ಕಾಣೆ. ಅಂದು ಅವಳ ದುಃಖವನ್ನು ಕೇಳಿದವನು ಅವನೊಬ್ಬನೇ. ಮನೆಯಲ್ಲಿ ನಾವು ಯಾರೂ ಕೇಳಿರಲಿಲ್ಲ. ನಾನು ಕೈಪಿಡಿಯನ್ನು ಕಲಿತೆನೇ ಹೊರತು ಅವನ ವಿದ್ಯೆಯನ್ನಲ್ಲ.

ಮರುವಾರ ಆ ಹುಡುಗಿಯನ್ನು ಕರೆದು ಮೊದಲು ಅವಳ ತಾಯಿಯ ವಿಷಯ ಕೇಳಿದೆ. ಅವಳು ಒಂದು ಗಂಟೆ ಮಾತನಾಡಿದಳು. ಆಮೇಲೆ ಎಲೆಗಳನ್ನು ಹರಡಿ, ಫ್ರಾನ್ಸಿನಲ್ಲಿ ಜನ ಇಂದಿಗೂ ಟ್ಯಾರೋ ಆಡುತ್ತಾರೆಂದೂ, ಆಟದಲ್ಲಿ ಹದಿಮೂರನೆಯದು ಹನ್ನೆರಡನ್ನು ಹೊಡೆಯುತ್ತದೆ, ಹದಿನಾಲ್ಕಕ್ಕೆ ಸೋಲುತ್ತದೆ, ಅಷ್ಟೆಯೆಂದೂ ಹೇಳಿದೆ.

“ಹದಿನಾಲ್ಕನೆಯದು ಯಾವುದು?” ಎಂದಳು.

ತೆಗೆದು ತೋರಿಸಿದೆ. ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ನೀರು ಸುರಿಯುತ್ತಿರುವ ದೇವದೂತ. ಹೆಸರು, ಸಂಯಮ.