ಮ್ಯೂನ್‌ಸ್ಟರಿನ ಧರ್ಮಾಧ್ಯಕ್ಷರ ಉಪದೇಶ

ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತದಲ್ಲಿ ಮ್ಯೂನ್‌ಸ್ಟರ್ ಎಂಬ ಪುರಾತನ ಪಟ್ಟಣವಿದೆ. ಕ್ಯಾಥೊಲಿಕ ಕ್ರೈಸ್ತರೇ ಹೆಚ್ಚಾಗಿದ್ದ ಆ ಸೀಮೆಯಲ್ಲಿ 1941ನೆಯ ಇಸವಿಯ ಬೇಸಗೆಯಲ್ಲಿ ನಡೆದ ಸಂಗತಿಯೊಂದನ್ನು ಇಲ್ಲಿ ನಿರೂಪಿಸಲು ಬಯಸುತ್ತೇವೆ. ಮಹಾಯುದ್ಧದ ಚರಿತ್ರೆಯನ್ನು ಓದುವಾಗ ನಮ್ಮ ಗಮನವೆಲ್ಲ ಸೇನೆಗಳ ಕಡೆಗೆ ಹರಿಯುವುದು ಸಹಜ. ಆದರೆ ಕಲಿಸುವವರೂ ಕಲಿಯುವವರೂ ವಿಚಾರಮಾಡತಕ್ಕ ವಿಷಯವು ಈ ಸಣ್ಣ ಪ್ರಕರಣದಲ್ಲಿಯೂ ಅಡಗಿದೆ.

1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಅದೇ ವರ್ಷದ ಜುಲೈ 14ರಂದು, ಆನುವಂಶಿಕ ರೋಗವುಳ್ಳವರೆಂದು ಎಣಿಸಲ್ಪಟ್ಟವರನ್ನು ಬಲಾತ್ಕಾರವಾಗಿ ಸಂತಾನಹೀನರನ್ನಾಗಿ ಮಾಡುವ ಕಾನೂನು ಹೊರಟಿತು. ಇದಕ್ಕೆ ಹೊಂದಿಕೆಯಾದ ಪಾಠ ಶಾಲೆಗಳಲ್ಲಿಯೂ ಮೊದಲಾಯಿತು. ಮಾನಸಿಕ ರೋಗಿಗಳ ಆಸ್ಪತ್ರೆಗೆ ತಗಲುವ ಹಣದಿಂದ ಆರೋಗ್ಯವಂತರ ಕುಟುಂಬಗಳಿಗೆ ಎಷ್ಟು ಮನೆಗಳನ್ನು ಕಟ್ಟಬಹುದೆಂಬ ಲೆಕ್ಕಗಳು ಗಣಿತದ ಪಠ್ಯಪುಸ್ತಕಗಳಲ್ಲಿ ಸೇರಿದವು. ಮಗುವು ಭಾಗಾಕಾರವನ್ನು ಕಲಿಯುತ್ತಲೇ ಮನುಷ್ಯರಲ್ಲಿ ಕೆಲವರು ಹೊರೆಯೆಂಬುದನ್ನೂ ಕಲಿಯುತ್ತಿದ್ದಿತು.

ಶಾಲೆಯ ಲೆಕ್ಕವು ಕೆಲವೇ ವರ್ಷಗಳಲ್ಲಿ ಸರಕಾರದ ಕಾರ್ಯವಾಯಿತು. 1939ರ ಸೆಪ್ಟೆಂಬರ್ 1ರ ತಾರೀಖನ್ನು ಹಾಕಿದ್ದ ಒಂದು ಪತ್ರದಿಂದ ಹಿಟ್ಲರನು ರೋಗಿಗಳ ಕೊಲೆಗೆ ಅನುಮತಿಯಿತ್ತನು. ಬರ್ಲಿನಿನ ಟಿಯರ್‌ಗಾರ್ಟನ್ ಬೀದಿಯ 4ನೆಯ ನಂಬರಿನ ಮನೆಯಲ್ಲಿ ಇದಕ್ಕೊಂದು ಕಚೇರಿ ಏರ್ಪಟ್ಟಿತು. ಮಾನಸಿಕ ರೋಗಿಗಳನ್ನೂ ಬುದ್ಧಿಮಾಂದ್ಯರನ್ನೂ ಹಾಡಾಮಾರ್, ಹಾರ್ಟ್‌ಹೈಮ್ ಮೊದಲಾದ ಆರು ಸ್ಥಳಗಳಿಗೆ ಸಾಗಿಸಿ ವಿಷಾನಿಲದಿಂದ ಕೊಂದರು. ಮನೆಯವರಿಗೆ ಸುಳ್ಳು ಕಾರಣವನ್ನು ಬರೆದ ಮರಣಪತ್ರವು ಬರುತ್ತಿತ್ತು. 1941ರ ಆಗಸ್ಟಿನೊಳಗೆ ಹೀಗೆ ಸತ್ತವರು 70,000ಕ್ಕೂ ಹೆಚ್ಚು.

ನಿರಪರಾಧಿಯ ಪ್ರಾಣವನ್ನು ತೆಗೆಯುವ ಅಧಿಕಾರವು ಯಾವ ರಾಜ್ಯಕ್ಕೂ ಇಲ್ಲವೆಂಬುದು ಕ್ಯಾಥೊಲಿಕ ಧರ್ಮಸಭೆಯ ಬೋಧೆ. ದೇಹದ ಅಥವಾ ಮನಸ್ಸಿನ ದೋಷವುಳ್ಳವರನ್ನು ಕೊಲ್ಲುವುದು ಧರ್ಮವಿರುದ್ಧವೆಂದು ರೋಮಿನಿಂದ 1940ರ ಡಿಸೆಂಬರ್ 2ರಂದು ನಿರ್ಣಯವೂ ಹೊರಟಿತ್ತು. ಆದರೆ ಇದನ್ನು ಜರ್ಮನಿಯ ಜನರೆದುರಿಗೆ ಬಾಯಿಬಿಟ್ಟು ಹೇಳುವವರು ಬೇಕಾಗಿದ್ದಿತು. 1933ರಿಂದ ಮ್ಯೂನ್‌ಸ್ಟರಿನ ಧರ್ಮಾಧ್ಯಕ್ಷರಾಗಿದ್ದ ಕ್ಲೆಮೆನ್ಸ್ ಆಗಸ್ಟ್ ಫಾನ್ ಗಾಲೆನ್ನರು ಆ ಕೆಲಸಕ್ಕೆ ನಿಂತರು. 1941ರ ಜುಲೈ 13 ಮತ್ತು 20ರಂದು ಅವರು ಗೂಢಪೊಲೀಸರು ಮಠಗಳನ್ನು ಕಸಿದುಕೊಂಡುದನ್ನು ಖಂಡಿಸಿದರು. ರೋಗಿಗಳ ಸಾಗಾಟವನ್ನು ಕುರಿತು ಜುಲೈ 28ರಂದು ಸರಕಾರಿ ಅಭಿಯೋಜಕರಿಗೆ ಕೊಲೆಯ ಫಿರ್ಯಾದನ್ನೇ ಕೊಟ್ಟರು. ಫಲವಾಗಲಿಲ್ಲ. ಆಗಸ್ಟ್ 3ರ ಭಾನುವಾರ ಸಂತ ಲ್ಯಾಂಬರ್ಟರ ದೇವಾಲಯದಲ್ಲಿ ಎಲ್ಲವನ್ನೂ ಬಹಿರಂಗಪಡಿಸಿದರು.

ಯೇಸುವು ಯೆರೂಸಲೇಮನ್ನು ಕಂಡು ಅತ್ತ ಪ್ರಸಂಗವು ಆ ದಿನದ ಸುವಾರ್ತಾಪಾಠವಾಗಿದ್ದಿತು. ಅಲ್ಲಿಂದ ಮೊದಲುಮಾಡಿ ಅವರು ದಶಾಜ್ಞೆಗಳಿಗೆ ಬಂದರು. ಕೊಲ್ಲಬಾರದೆಂಬುದು ಕ್ಯಾಥೊಲಿಕರ ಎಣಿಕೆಯಲ್ಲಿ ಐದನೆಯ ಆಜ್ಞೆ. ದುಡಿಯಲಾರದವನನ್ನು ಕೆಟ್ಟ ಯಂತ್ರದಂತೆ, ಕುಂಟುಕುದುರೆಯಂತೆ ಕಾಣುವುದಾದರೆ ನಾಳೆ ಮುದುಕರ ಗತಿಯೇನು, ಅಂಗಹೀನರಾಗಿ ಮರಳುವ ಸೈನಿಕರ ಗತಿಯೇನು ಎಂದು ಕೇಳಿದರು. ಅಲ್ಲಿಗೇ ನಿಲ್ಲಲಿಲ್ಲ. ದಾಂಪತ್ಯದ ಪಾವಿತ್ರ್ಯವು ಕೆಡುತ್ತಿರುವುದನ್ನೂ, ಮಕ್ಕಳ ಮೇಲೆ ತಂದೆತಾಯಿಗಳಿಗಿದ್ದ ಅಧಿಕಾರವು ಕುಗ್ಗುತ್ತಿರುವುದನ್ನೂ ತೋರಿಸಿದರು. ಕಡೆಗೆ ಮೊದಲನೆಯ ಆಜ್ಞೆಯನ್ನೇ ಎತ್ತಿ, ದೇವರ ಪೀಠದಲ್ಲಿ ರಾಷ್ಟ್ರವನ್ನೂ ಜನಾಂಗವನ್ನೂ ಕೂರಿಸಿ ಪೂಜಿಸುತ್ತಿರುವುದನ್ನು ಖಂಡಿಸಿದರು. ಆರಾಧನೆ, ಕುಟುಂಬ, ಜೀವ ಇವು ಅವರ ಬೋಧೆಯಲ್ಲಿ ಬೇರೆಬೇರೆಯಾಗಿರಲಿಲ್ಲ. ರಾಷ್ಟ್ರವನ್ನೇ ದೇವರೆಂದು ಬಗೆದವನಿಗೆ ರಾಷ್ಟ್ರಕ್ಕೆ ಉಪಯೋಗವಿಲ್ಲದವನು ಬೇಡವಾಗುತ್ತಾನೆ.

ಉಪದೇಶವು ಬೆರಳಚ್ಚಿನಲ್ಲಿಯೂ ಕೈಬರಹದಲ್ಲಿಯೂ ಪ್ರತಿಯಾಗಿ ದೇಶದಲ್ಲೆಲ್ಲ ಹರಡಿತು. ಅಚ್ಚುಕೂಟದ ನೆರವಿಲ್ಲದೆ ಪ್ರತಿ ತೆಗೆದು ಹಂಚುವ ಶ್ರಮವನ್ನು ನಾವು ಬಲ್ಲೆವು. ಅವರ ಶ್ರಮದೊಡನೆ ಪ್ರಾಣಭಯವೂ ಇದ್ದಿತು. ಪ್ರತಿಗಳನ್ನು ಹಂಚಿದವರಲ್ಲಿ ಲ್ಯೂಬೆಕ್ ಪಟ್ಟಣದ ಮೂವರು ಕ್ಯಾಥೊಲಿಕ ಪಾದ್ರಿಗಳೂ ಒಬ್ಬ ಲೂಥರನ್ ಪಾದ್ರಿಯೂ ಇದ್ದರು. ಆ ನಾಲ್ವರಿಗೂ 1943ರ ನವೆಂಬರ್ 10ರಂದು ಹ್ಯಾಂಬರ್ಗಿನಲ್ಲಿ ಶಿರಚ್ಛೇದವಾಯಿತು. ಧರ್ಮಾಧ್ಯಕ್ಷರನ್ನೂ ಗಲ್ಲಿಗೇರಿಸಬೇಕೆಂದು ಪಕ್ಷದ ಕೆಲವರು ಬಯಸಿದರು. ಯುದ್ಧಕಾಲದಲ್ಲಿ ವೆಸ್ಟ್‌ಫಾಲಿಯಾದ ಜನರು ಕೈಬಿಟ್ಟಾರೆಂದು ಗೊಬೆಲ್ಸನು ಅಂಜಿದುದರಿಂದ ಅವರು ಉಳಿದರು. ಆಗಸ್ಟ್ 24ರಂದು ಹಿಟ್ಲರನು ವಿಷಾನಿಲದ ಕೊಲೆಯನ್ನು ನಿಲ್ಲಿಸಲು ಆಜ್ಞಾಪಿಸಿದನು.

ಆದರೂ ಇದನ್ನು ಪೂರ್ಣವಿಜಯವೆನ್ನಲಾಗದು. ಉಪವಾಸ ಕೆಡಹಿ, ಮದ್ದು ಚುಚ್ಚಿ ರೋಗಿಗಳನ್ನು ಗುಟ್ಟಾಗಿ ಕೊಲ್ಲುವುದು 1945ರವರೆಗೂ ನಡೆಯಿತು. ಯೆಹೂದ್ಯರ ಮೇಲಿನ ಹಿಂಸೆಯನ್ನು ಕುರಿತು ಗಾಲೆನ್ನರು ಇದೇ ಬಗೆಯಾಗಿ ಬಹಿರಂಗದಲ್ಲಿ ದನಿಯೆತ್ತಲಿಲ್ಲವೆಂಬುದನ್ನೂ ಚರಿತ್ರೆಯು ಮರೆಮಾಚುವಂತಿಲ್ಲ. ಬರ್ಲಿನಿನ ಪಾದ್ರಿ ಬರ್ನ್‌ಹಾರ್ಡ್ ಲಿಖ್ಟೆನ್‌ಬರ್ಗರು ಯೆಹೂದ್ಯರಿಗಾಗಿ ದೇವಾಲಯದಲ್ಲಿ ಬಹಿರಂಗವಾಗಿ ಪ್ರಾರ್ಥಿಸಿ 1941ರಲ್ಲಿ ಸೆರೆಯಾದರು. 1943ರ ನವೆಂಬರಿನಲ್ಲಿ ಡಾಖೌ ಶಿಬಿರಕ್ಕೆ ಸಾಗಿಸುವಾಗ ಮಡಿದರು. ಜೀವದ ಗೌರವವೆಂಬ ಬೋಧೆಯು ಎಷ್ಟು ದೂರ ವ್ಯಾಪಿಸಬೇಕೆಂಬುದು ಇವರಿಬ್ಬರ ಚರಿತ್ರೆಯನ್ನು ಒಟ್ಟಿಗೆ ಓದಿದಾಗ ತಿಳಿಯುತ್ತದೆ.

ಗಾಲೆನ್ನರು 1946ರ ಫೆಬ್ರವರಿಯಲ್ಲಿ ಕಾರ್ಡಿನಲ್ ಪದವಿಗೇರಿ, ಮರುತಿಂಗಳು 22ರಂದು ತೀರಿಕೊಂಡರು. ಧರ್ಮಸಭೆಯು 2005ರಲ್ಲಿ ಅವರನ್ನು ಪುಣ್ಯವಂತರೆಂದು ಸಾರಿತು.

ಉಪಾಧ್ಯಾಯರಾದ ನಮಗೆ ಆ ಗಣಿತದ ಲೆಕ್ಕವು ಎಚ್ಚರಿಕೆಯಾಗಿರಲಿ. ನಮ್ಮ ತರಗತಿಗಳ ಕಡೆಯ ಸಾಲಿನಲ್ಲಿ ಮೆಲ್ಲನೆ ಕಲಿಯುವ ಮಗುವು ಕುಳಿತಿರುತ್ತದೆ. ಆ ಮಗುವನ್ನು ಕುರಿತು ನಾವು ಆಡುವ ಮಾತನ್ನು ಉಳಿದ ಮಕ್ಕಳೆಲ್ಲರೂ ಕೇಳಿ ಕಲಿಯುತ್ತಾರೆ.