ಗೂಡ್ಸ್ ಗಾಡಿ ದಾರಿ ಬಿಟ್ಟ ಕಥೆ

1962ರ ಮೇ 3. ರಾತ್ರಿ ಒಂಬತ್ತೂವರೆ ದಾಟಿತ್ತು. ಟೋಕಿಯೋದ ಮಿಕವಾಶಿಮಾ ಸ್ಟೇಷನ್ ಹತ್ತಿರ ಒಂದು ಗೂಡ್ಸ್ ಗಾಡಿ ಕೆಂಪು ಸಿಗ್ನಲ್ ದಾಟಿ ಬಂದು ಹಳಿ ತಪ್ಪಿತು. ಆಗಷ್ಟೇ ಸ್ಟೇಷನ್ ಬಿಟ್ಟಿದ್ದ ಪ್ಯಾಸೆಂಜರ್ ರೈಲು ಅದಕ್ಕೆ ಉಜ್ಜಿಕೊಂಡು ನಿಂತಿತು. ಅಲ್ಲಿಗೇ ಮುಗಿದಿದ್ದರೆ ಅದೊಂದು ಸಣ್ಣ ಅಪಘಾತ. ಆದರೆ ಗಾಬರಿಯಾದ ಜನ ಬಾಗಿಲು ತೆಗೆದು ಕತ್ತಲಲ್ಲಿ ಪಕ್ಕದ ಹಳಿ ಮೇಲೆ ಇಳಿದು ನಡೆಯತೊಡಗಿದರು. ಎದುರಿನಿಂದ ಬರುವ ರೈಲನ್ನು ನಿಲ್ಲಿಸಬೇಕು ಅಂತ ಸಮಯಕ್ಕೆ ಸರಿಯಾಗಿ ಯಾರಿಗೂ ಹೊಳೆಯಲಿಲ್ಲ. ಸುಮಾರು ಏಳು ನಿಮಿಷದ ನಂತರ ಆ ರೈಲು ಬಂತು. ಸತ್ತವರು 160 ಜನ.

ಒಂದೂವರೆ ವರ್ಷ ಕಳೆಯಿತು. 1963ರ ನವೆಂಬರ್ 9, ಮತ್ತೆ ರಾತ್ರಿ. ಯೊಕೊಹಾಮಾದ ತ್ಸುರುಮಿಯಲ್ಲಿ ಗೂಡ್ಸ್ ಗಾಡಿಯೊಂದರ ಹಿಂಭಾಗದ ವ್ಯಾಗನ್ ಹಳಿ ತಪ್ಪಿ ಪಕ್ಕದ ಹಳಿಗೆ ವಾಲಿತು. ಅದಕ್ಕೆ ಒಂದು ಲೋಕಲ್ ರೈಲು ಡಿಕ್ಕಿ ಹೊಡೆದು, ಎದುರು ಬರುತ್ತಿದ್ದ ಇನ್ನೊಂದು ಲೋಕಲ್ ರೈಲಿನೊಳಗೆ ನುಗ್ಗಿತು. ಸತ್ತವರು 161 ಜನ.

ಎರಡು ರಾತ್ರಿ, 321 ಜೀವ. ಎರಡೂ ಕಡೆ ಶುರುವಾಗಿದ್ದು ಗೂಡ್ಸ್ ಗಾಡಿಯಿಂದ. ಎರಡೂ ಕಡೆ ಪ್ರಾಣ ಬಿಟ್ಟಿದ್ದು ಅದೇ ಜಾಗದಲ್ಲಿ ಒತ್ತೊತ್ತಾಗಿ ಓಡುತ್ತಿದ್ದ ಲೋಕಲ್ ರೈಲುಗಳ ಜನ.

ನಾವು ಜಪಾನ್ ಅಂದರೆ ಬುಲೆಟ್ ಟ್ರೇನ್ ಅಂತೀವಿ. ಅದು 1964ರ ಅಕ್ಟೋಬರ್‌ನಲ್ಲಿ ಓಡಿತು, ಜಗತ್ತೇ ಚಪ್ಪಾಳೆ ತಟ್ಟಿತು. ಆದರೆ ಟೋಕಿಯೋದ ಸಾಮಾನ್ಯ ಮನುಷ್ಯನ ಬೆಳಗಿನ ಜಾವದ ಬದುಕನ್ನು ಬದಲಿಸಿದ್ದು ಬುಲೆಟ್ ಟ್ರೇನ್ ಅಲ್ಲ. ಗೂಡ್ಸ್ ಗಾಡಿಗಳನ್ನು ಊರ ಹೊರಗೆ ಕಳಿಸಿದ ಒಂದು ದೊಡ್ಡ ಕೆಲಸ. ಅದರ ಬಗ್ಗೆ ಯಾರೂ ಸಿನಿಮಾ ಮಾಡೋದಿಲ್ಲ. ಆ ಕಥೆ ಇವತ್ತು ಹೇಳ್ತೀನಿ. ಯಾಕೆ ಅನ್ನೋದು ಕೊನೆಗೆ ನಿಮಗೇ ಗೊತ್ತಾಗುತ್ತೆ.

ಆ ಕಾಲದ ಟೋಕಿಯೋ ಹೇಗಿತ್ತು? ಯುದ್ಧ ಮುಗಿದ ಮೇಲೆ ಕಾರ್ಖಾನೆಗಳು ಎದ್ದವು, ಹಳ್ಳಿ ಬಿಟ್ಟು ಜನ ಬಂದರು. ಊರೊಳಗೆ ಮನೆ ಸಿಗದೆ ಇಪ್ಪತ್ತು, ಮೂವತ್ತು ಕಿಲೋಮೀಟರ್ ದೂರದಲ್ಲಿ ನೆಲೆ ನಿಂತರು. ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಒಳಗೆ, ಸಂಜೆ ಎಲ್ಲರೂ ಒಟ್ಟಿಗೆ ಹೊರಗೆ. ಬೆಳಗಿನ ಹೊತ್ತು ಕೆಲವು ಮಾರ್ಗಗಳ ಬೋಗಿಗಳಲ್ಲಿ ಇರಬೇಕಾದ ಜನಕ್ಕಿಂತ ಎರಡೂವರೆ ಪಟ್ಟು ಹೆಚ್ಚು ಜನ. ಬಾಗಿಲಲ್ಲಿ ಸಿಕ್ಕಿಕೊಂಡವರನ್ನು ಒಳಗೆ ತಳ್ಳೋದಕ್ಕೇ ಸ್ಟೇಷನ್‌ನಲ್ಲಿ ಆಳುಗಳಿದ್ದರು. ಆ ಫೋಟೋ ನೋಡಿ ನಾವು ನಗ್ತೀವಿ. ಒಳಗಿದ್ದವರಿಗೆ ಅದು ದಿನಾ ಎರಡು ಹೊತ್ತಿನ ಶಿಕ್ಷೆ.

ಸರಿ, ಇನ್ನಷ್ಟು ರೈಲು ಬಿಡಬಹುದಿತ್ತಲ್ಲ? ಇಲ್ಲೇ ಇರೋದು ಗಂಟು. ಇಂಜಿನಿಯರಿಂಗ್ ಓದುವಾಗ ಕಲಿತ ಒಂದು ಸರಳ ಲೆಕ್ಕ ಹೇಳ್ತೀನಿ. ಒಂದು ಹಳಿಯ ಸಾಮರ್ಥ್ಯ ತೀರ್ಮಾನವಾಗೋದು ಅದರ ಮೇಲೆ ಓಡುವ ಗಾಡಿಗಳ ವೇಗದಿಂದ ಮಾತ್ರ ಅಲ್ಲ, ಅವುಗಳ ವೇಗದ ವ್ಯತ್ಯಾಸದಿಂದ. ಎಲ್ಲ ರೈಲುಗಳೂ ಒಂದೇ ಥರ ಓಡಿ, ಒಂದೇ ಥರ ನಿಂತರೆ ಎರಡೆರಡು ನಿಮಿಷಕ್ಕೊಂದು ಬಿಡಬಹುದು. ನಡುವೆ ಒಂದು ಭಾರದ ಗೂಡ್ಸ್ ಬಂತು ಅನ್ನಿ. ಅದು ವೇಗ ಹಿಡಿಯೋದೂ ನಿಧಾನ, ನಿಲ್ಲೋದೂ ನಿಧಾನ. ಅದರ ಹಿಂದೆ ಮುಂದೆ ಜಾಗ ಬಿಡಬೇಕು. ಒಂದು ಗೂಡ್ಸ್ ಹಲವು ಲೋಕಲ್‌ಗಳ ಜಾಗ ತಿಂದುಬಿಡುತ್ತೆ. ನಮ್ಮ ಸಿಂಗಲ್ ರೋಡಿನಲ್ಲಿ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಸಿಕ್ಕಿದರೆ ಹಿಂದಿನ ಬಸ್ಸಿನ ಗತಿ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

1965ರಿಂದ ಜಪಾನ್ ರಾಷ್ಟ್ರೀಯ ರೈಲ್ವೆ ಒಂದು ದೊಡ್ಡ ಯೋಜನೆಗೆ ಕೈ ಹಾಕಿತು. ಆಗ ಅದರ ಅಧ್ಯಕ್ಷರಾಗಿದ್ದವರು ಇಶಿದಾ ರೆಯಿಸುಕೆ, ಮಿತ್ಸುಯಿ ಕಂಪನಿಯಿಂದ ಬಂದ ವ್ಯಾಪಾರಿ ಹಿನ್ನೆಲೆಯ ಮನುಷ್ಯ. ಟೋಕಿಯೋದಿಂದ ಹೊರಡುವ ಐದು ದಿಕ್ಕಿನ ಮಾರ್ಗಗಳಲ್ಲಿ, ಅಂದರೆ ತೊಕಾಯಿದೊ, ಚೂಒ, ತೊಹೊಕು, ಜೊಬಾನ್, ಸೊಬುಗಳಲ್ಲಿ, ಹೆಚ್ಚುವರಿ ಹಳಿ ಹಾಕಿ ಊರೊಳಗಿನ ಲೋಕಲ್‌ಗಳನ್ನು ದೂರದ ರೈಲುಗಳಿಂದ ಬೇರೆ ಮಾಡೋದು. ಇದನ್ನು ಅವರು 'ಐದು ದಿಕ್ಕಿನ ಕಾರ್ಯಾಚರಣೆ' ಅಂತ ಕರೆದರು. ಹೆಸರು ಕೇಳಿದರೆ ಯುದ್ಧದ ಥರ ಇದೆ. ನಡೆದದ್ದೂ ಹಾಗೇ.

ಆದರೆ ಗೂಡ್ಸ್ ಎಲ್ಲಿಗೆ ಹೋಗಬೇಕು? ಆಗ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ಸರಕು ಟೋಕಿಯೋದ ಹೊಟ್ಟೆಯೊಳಗಿಂದಲೇ ಹಾಯಬೇಕಿತ್ತು. ಊರನ್ನು ಸುತ್ತುವ ಯಮನೊತೆ ಮಾರ್ಗದ ಪಕ್ಕದಲ್ಲೇ ಗೂಡ್ಸ್‌ಗೆ ಅಂತ ಬೇರೆ ಜೋಡಿ ಹಳಿ ಇತ್ತು. ಶಿಂಜುಕು, ಶಿಬುಯಾದಂಥ ಜನನಿಬಿಡ ಜಾಗಗಳ ಮಧ್ಯದಿಂದ ಸುಣ್ಣದ ಕಲ್ಲು, ಎಣ್ಣೆ, ಸಿಮೆಂಟು ಎಲ್ಲ ಸಾಗುತ್ತಿತ್ತು.

1967ರ ಆಗಸ್ಟ್ 8ರ ನಸುಕಿನಲ್ಲಿ ಇದರ ಬೆಲೆ ಏನು ಅಂತ ಊರಿಗೇ ಕಾಣಿಸಿತು. ಅಮೆರಿಕದ ವಾಯುನೆಲೆಗೆ ಜೆಟ್ ಇಂಧನ ಹೊತ್ತಿದ್ದ ಟ್ಯಾಂಕರ್ ಗಾಡಿಗೆ ಶಿಂಜುಕು ಸ್ಟೇಷನ್‌ನಲ್ಲೇ ಸುಣ್ಣದ ಕಲ್ಲಿನ ಗೂಡ್ಸ್ ಡಿಕ್ಕಿ ಹೊಡೆಯಿತು. ಟ್ಯಾಂಕರ್‌ಗಳು ಧಗಧಗ ಉರಿದವು. ಚೂಒ ಮಾರ್ಗ ಇಡೀ ದಿನ ನಿಂತಿತು. ಅದು ವಿಯೆಟ್ನಾಂ ಯುದ್ಧದ ಕಾಲ. ನಮ್ಮ ಸ್ಟೇಷನ್ ಒಳಗಿಂದ ಯುದ್ಧದ ಇಂಧನ ಯಾಕೆ ಹೋಗಬೇಕು ಅನ್ನೋ ಪ್ರಶ್ನೆ ಬೀದಿಗೆ ಬಂತು. ಮರುವರ್ಷ ಅಕ್ಟೋಬರ್ 21ರಂದು ಅದೇ ಶಿಂಜುಕು ಸ್ಟೇಷನ್‌ಗೆ ವಿದ್ಯಾರ್ಥಿಗಳು ನುಗ್ಗಿ ದೊಡ್ಡ ಗಲಭೆಯೇ ಆಯಿತು.

ಪರಿಹಾರವಾಗಿ ಬಂದದ್ದು ಮುಸಾಶಿನೊ ಮಾರ್ಗ. ಟೋಕಿಯೋದ ಹೊರಗೆ ಕಮಾನಿನಂತೆ ಬಳಸಿ ಬರುವ ಗೂಡ್ಸ್ ಹಾದಿ. ಊರೊಳಗೆ ಕೆಲಸ ಇಲ್ಲದ ಸರಕು ಊರೊಳಗೆ ಬರೋದೇ ಬೇಡ ಅನ್ನೋದು ಇದರ ಹಿಂದಿನ ತರ್ಕ. ಮೊದಲ ಭಾಗ 1973ರ ಏಪ್ರಿಲ್ 1ರಂದು ತೆರೆಯಿತು. ಯೊಕೊಹಾಮಾ ಕಡೆಯ ಗೂಡ್ಸ್ ಭಾಗ 1976ರಲ್ಲಿ ಸೇರಿಕೊಂಡಿತು.

ಆದರೆ ಸ್ವಲ್ಪ ಆ ದಾರಿ ಪಕ್ಕದ ಮನೆಯವರ ಜಾಗದಲ್ಲಿ ನಿಂತು ನೋಡಿ. ಜಮೀನು ಅವರದ್ದು, ರಾತ್ರಿಯಿಡೀ ಸದ್ದು ಅವರಿಗೆ, ಅನುಕೂಲ ಮಾತ್ರ ಟೋಕಿಯೋದವರಿಗೆ! ಊರಿನವರು ಸುಮ್ಮನಿರಲಿಲ್ಲ. ಹಳಿ ಹಾಕ್ತೀರಾ, ನಮಗೂ ರೈಲು ಕೊಡಿ ಅಂದರು. ರೈಲ್ವೆ ಒಪ್ಪಿತು, ಅರೆಮನಸ್ಸಿನಿಂದ. ಶುರುವಿನಲ್ಲಿ ಹಗಲು ಹೊತ್ತು 40 ನಿಮಿಷಕ್ಕೊಂದು ರೈಲು, ಅದೂ ಆರೇ ಬೋಗಿ. ದಾರಿಯುದ್ದಕ್ಕೂ ಕುದುರೆ ರೇಸ್ ಮೈದಾನಗಳು ಇದ್ದದ್ದರಿಂದ ಜನ ಅದನ್ನು ಜೂಜುಕೋರರ ರೈಲು ಅಂತ ಆಡಿಕೊಂಡರು. ಇವತ್ತು ಅದೇ ಮಾರ್ಗದಲ್ಲಿ ಎಂಟು ಬೋಗಿಯ ರೈಲು ಹಗಲಲ್ಲೂ ಹತ್ತು ನಿಮಿಷದ ಆಸುಪಾಸಿಗೊಂದು ಓಡುತ್ತೆ. ಅವತ್ತು ಜನ ಹಟ ಹಿಡಿಯದಿದ್ದರೆ ಅದು ಬರೀ ಗೂಡ್ಸ್ ಹಾದಿಯಾಗಿಯೇ ಉಳಿಯುತ್ತಿತ್ತು.

ಯೊಕೊಹಾಮಾದಲ್ಲಿ ಜಗಳ ಇನ್ನೂ ಗಟ್ಟಿ. ಅಲ್ಲಿ ಹೊಸ ಗೂಡ್ಸ್ ಮಾರ್ಗ ಮನೆಗಳ ನಡುವೆ ಹಾಯಬೇಕಿತ್ತು. 1960ರ ದಶಕದ ಮಧ್ಯದಲ್ಲಿ ಶುರುವಾದ ವಿರೋಧ ಹತ್ತು ವರ್ಷ ದಾಟಿ ನಡೆಯಿತು. ನಿಮ್ಮದು ಸ್ವಾರ್ಥ, ಲಕ್ಷಾಂತರ ಪ್ರಯಾಣಿಕರ ಹಿತ ನೋಡಿ ಅಂತ ಅವರಿಗೆ ಬುದ್ಧಿ ಹೇಳಿದರು. ಅವರ ಮರುಪ್ರಶ್ನೆ ಒಂದೇ: ಸಾರ್ವಜನಿಕ ಹಿತ ಅಂದರೆ ಏನು, ಅದನ್ನು ನಿರ್ಧರಿಸೋರು ಯಾರು? ಆ ಪ್ರಶ್ನೆ ನನಗೆ ಇವತ್ತಿಗೂ ಸಣ್ಣದು ಅನ್ನಿಸೋದಿಲ್ಲ. ಕೊನೆಗೆ 1979ರಲ್ಲಿ ಆ ಮಾರ್ಗ ತೆರೆಯಿತು. ಮರುವರ್ಷ, 1980ರ ಅಕ್ಟೋಬರ್‌ನಲ್ಲಿ, ಯೊಕೊಸುಕಾ ಲೋಕಲ್‌ಗಳು ಖಾಲಿಯಾದ ಹಳೇ ಗೂಡ್ಸ್ ಹಳಿಗೆ ಬಂದವು. ತೊಕಾಯಿದೊ ಮಾರ್ಗ ಉಸಿರಾಡಿತು. ತ್ಸುರುಮಿಯ ಆ ರಾತ್ರಿಯಿಂದ ಲೆಕ್ಕ ಹಾಕಿದರೆ 17 ವರ್ಷ.

ಇನ್ನು ಯಮನೊತೆ ಪಕ್ಕದ ಗೂಡ್ಸ್ ಹಳಿ? ಬೆಂಕಿ ಬಿದ್ದ ಅದೇ ಶಿಂಜುಕುವಿಗೆ 1986ರಲ್ಲಿ ಸೈಕ್ಯೊ ಲೋಕಲ್ ಬಂದದ್ದು ಆ ಹಳಿ ಮೇಲೆಯೇ. 2001ರಲ್ಲಿ ಶೊನಾನ್-ಶಿಂಜುಕು ರೈಲುಗಳೂ ಅಲ್ಲೇ ಓಡಿದವು. ಊರಿನ ಮಧ್ಯದಲ್ಲಿ ಹೊಸದಾಗಿ ಒಂದು ಜೋಡಿ ಹಳಿ ಹಾಕಬೇಕು ಅಂದಿದ್ದರೆ ಯಾವ ಸರ್ಕಾರದ ಕೈಯಲ್ಲೂ ಆಗುತ್ತಿರಲಿಲ್ಲ. ಇದ್ದ ಹಳಿಯನ್ನು ಖಾಲಿ ಮಾಡಿಸಿದ್ದಕ್ಕೆ ಸಿಕ್ಕ ಬಡ್ಡಿ ಇದು.

ಎಲ್ಲವೂ ಅಂದುಕೊಂಡ ಹಾಗೇ ಆಯ್ತಾ? ಇಲ್ಲ. ಮುಸಾಶಿನೊ ಮಾರ್ಗದಲ್ಲಿ 1974ರಲ್ಲಿ ಕಂಪ್ಯೂಟರ್ ನಿಯಂತ್ರಣದ ಭಾರೀ ಯಾರ್ಡ್ ಕಟ್ಟಿದರು, ವ್ಯಾಗನ್ ಬೇರ್ಪಡಿಸಿ ಜೋಡಿಸೋದಕ್ಕೆ. ಅಷ್ಟರಲ್ಲಿ ಸರಕು ಲಾರಿಗಳ ಪಾಲಾಗುತ್ತಿತ್ತು. 1975ರಲ್ಲಿ ರೈಲ್ವೆ ನೌಕರರು ಎಂಟು ದಿನ ಮುಷ್ಕರ ಹೂಡಿದಾಗ ವ್ಯಾಪಾರಿಗಳಿಗೆ ರೈಲಿಲ್ಲದೆಯೂ ಬದುಕಬಹುದು ಅನ್ನೋದು ಗೊತ್ತಾಯಿತು. ಹತ್ತೇ ವರ್ಷ, 1984ರಲ್ಲಿ ಆ ಯಾರ್ಡಿನ ವ್ಯಾಗನ್ ವಿಂಗಡಣೆ ನಿಂತಿತು. ಯಾರ್ಡ್ ಎಷ್ಟು ಅಗಲ ಇತ್ತು ಅಂದರೆ, ಪಕ್ಕದ ಶಿನ್-ಮಿಸಾತೊ ಸ್ಟೇಷನ್‌ನಲ್ಲಿ ಹೋಗುವ ಮತ್ತು ಬರುವ ರೈಲಿನ ಪ್ಲಾಟ್‌ಫಾರ್ಮ್‌ಗಳ ನಡುವೆ ಮುನ್ನೂರು ಮೀಟರಿಗೂ ಹೆಚ್ಚು ದೂರ ಇತ್ತು! ಈಗ ಆ ಜಾಗದಲ್ಲಿ ಮಾಲ್, ಮನೆಗಳು. ಇತ್ತ ರಾಷ್ಟ್ರೀಯ ರೈಲ್ವೆ ಸಾಲದಲ್ಲಿ ಮುಳುಗಿತು. 1987ರಲ್ಲಿ ಅದನ್ನು ಒಡೆದು ಖಾಸಗೀಕರಣ ಮಾಡುವಾಗ ಸಾಲ ಸುಮಾರು 37 ಲಕ್ಷ ಕೋಟಿ ಯೆನ್. ಆ ಸಾಲಕ್ಕೆ ಕಾರಣ ನೂರೆಂಟು. ಆದರೆ ಊರಿನವರಿಗೆ ಉಸಿರು ಕೊಟ್ಟ ಸಂಸ್ಥೆ ತಾನೇ ಉಸಿರು ಕಟ್ಟಿ ಹೋಯಿತು ಅನ್ನೋದನ್ನು ಮರೆಯೋ ಹಾಗಿಲ್ಲ.

ಈಗ ನಮ್ಮ ಮನೆ ಬಾಗಿಲಿಗೆ ಬರೋಣ. ಅದೇ ಜಪಾನ್ ಸಾಲ ಕೊಟ್ಟು ನಮ್ಮ ಪಶ್ಚಿಮ ಸರಕು ಕಾರಿಡಾರ್‌ಗೆ ಕೈ ಜೋಡಿಸಿದೆ: ದಾದ್ರಿಯಿಂದ ಮುಂಬೈ ಪಕ್ಕದ ಜವಾಹರಲಾಲ್ ನೆಹರು ಬಂದರಿನವರೆಗೆ, ಗೂಡ್ಸ್‌ಗೇ ಅಂತ ಮೀಸಲಾದ ಹಾದಿ. ಬೆಂಗಳೂರಿನಲ್ಲಿ 148 ಕಿಲೋಮೀಟರ್ ಉಪನಗರ ರೈಲಿಗೆ 2022ರ ಜೂನ್ 20ರಂದು ಪ್ರಧಾನಿ ಶಂಕುಸ್ಥಾಪನೆ ಮಾಡಿದರು. ಊರ ಸುತ್ತ ಸುಮಾರು 287 ಕಿಲೋಮೀಟರ್ ವರ್ತುಲ ರೈಲ್ವೆಯ ಮಾತೂ ನಡೆದಿದೆ. ವರ್ತುಲ ಅಂದ ತಕ್ಷಣ ನಮಗೆ ಸೈಟಿನ ರೇಟು ನೆನಪಾಗುತ್ತೆ. ನನಗೆ ನೆನಪಾಗೋದು ಮುಸಾಶಿನೊ.

ಆದ್ದರಿಂದ ಮುಂದಿನ ಸಲ ವರ್ತುಲ ರೈಲಿನ ಸುದ್ದಿ ನಮ್ಮ ಸ್ಕ್ರೀನ್ ಮೇಲೆ ಓಡಿದಾಗ ಮೂರು ಪ್ರಶ್ನೆ ಕೇಳಿ. ಗೂಡ್ಸ್ ಹೊರಗೆ ಹೋದ ಮೇಲೆ ಒಳಗೆ ಖಾಲಿಯಾಗುವ ಹಳಿ ಯಾರಿಗೆ? ಜಮೀನು ಬಿಟ್ಟುಕೊಡುವ ಹಳ್ಳಿಗೆ ಸ್ಟೇಷನ್ ಇದೆಯೋ, ಬರೀ ಸದ್ದೋ? ದುಡ್ಡು ಯಾರ ತಲೆ ಮೇಲೆ? ಟೋಕಿಯೋ ಈ ಕೆಲಸಕ್ಕೆ ಕೈ ಹಾಕಿದ್ದು 321 ಜನ ಸತ್ತ ಮೇಲೆ. ನಾವು ಅಷ್ಟು ಹೊತ್ತು ಕಾಯಬೇಕಾಗಿಲ್ಲ.